ಉಬ್ಬಿದ ಬ್ಯಾಟರಿಗೆ ಪಿನ್ ಚುಚ್ಚಿದರೆ ರೋಬೋ ಮತ್ತೆ ಕಾದಾಡುತ್ತದೆಯೇ?

ಐಐಟಿ ಬಾಂಬೆಯ ಟೆಕ್‌ಫೆಸ್ಟ್‌ನಂಥ ಉತ್ಸವಗಳಲ್ಲಿ ವಿದ್ಯಾರ್ಥಿಗಳು ಕಟ್ಟಿದ ರೋಬೋಗಳು ಕಾದಾಡುತ್ತವೆ. ಮುಂದಿನ ಸುತ್ತಿನೊಳಗೆ ರಿಪೇರಿ ಮುಗಿಯಬೇಕು. ಈ ಅವಸರದಲ್ಲಿ ‘ಉಬ್ಬಿದ ಲಿಪೋ ಬ್ಯಾಟರಿಗೆ ಪಿನ್ ಚುಚ್ಚಿ ಗಾಳಿ ಬಿಟ್ಟರೆ ಸಾಕು’ ಎಂಬ ಸಲಹೆಯನ್ನು ನಂಬಬೇಡಿ ಎನ್ನುತ್ತೇವೆ ನಾವು. ಏಕೆ?

ಒಳಗಿರುವುದು ಗಾಳಿಯಲ್ಲ; ಬ್ಯಾಟರಿಯ ದ್ರಾವಣ ಕೆಟ್ಟು ಹುಟ್ಟಿದ, ಹೊತ್ತಿಕೊಳ್ಳಬಲ್ಲ ಅನಿಲ. ಪಿನ್ ತಾಗಿ ಒಳಪದರಗಳು ಶಾರ್ಟ್ ಆದರೆ ಕ್ಷಣದಲ್ಲೇ ಬೆಂಕಿ ಹತ್ತಬಹುದು. ಹಾಗಾಗಿ ಬ್ಯಾಟರಿಯನ್ನೇ ಬದಲಿಸಬೇಕು. ಹೊಸದರ ಪ್ರತಿ ಸೆಲ್ ಸಾಮಾನ್ಯವಾಗಿ 4.2 ವೋಲ್ಟ್ ಮೀರಬಾರದು, 3ಕ್ಕಿಂತ ಕೆಳಗಿಳಿಯಬಾರದು. ದೊಡ್ಡ ಮೋಟಾರ್ ಹಾಕಿದರೆ ಅಷ್ಟು ಕರೆಂಟ್ ಕೊಡಬಲ್ಲ ಬ್ಯಾಟರಿಯೇ ಬೇಕು. ಏಟು ತಾಗದಂತೆ ಫೋಮ್ ಸುತ್ತಿ ಕೂರಿಸಿ.

ನಿಮ್ಮ ಫೋನಿನ ಬ್ಯಾಟರಿಯೂ ಲಿಥಿಯಂನದೇ. ಅದು ಉಬ್ಬಿದರೂ ಚುಚ್ಚಬೇಡಿ, ಚಾರ್ಜ್‌ಗೆ ಹಾಕಬೇಡಿ. ಸರ್ವಿಸ್ ಸೆಂಟರ್‌ಗೆ ಕೊಡಿ.