ಕೋಕೋ ಕ್ಯಾಪ್ಸೂಲ್‌ನಿಂದ ಉರಿಯೂತ ಇಳಿದರೆ ಸ್ಟ್ಯಾಟಿನ್ ಬಿಡಬಹುದೇ?

ಅಪ್ಪನಿಗೆ ಸ್ಟೆಂಟ್ ಹಾಕಿ ಒಂದು ವರ್ಷವಾಗಿದೆ. ಸ್ಟ್ಯಾಟಿನ್ ಮಾತ್ರೆ ತಿಂದರೆ ಕಾಲು ನೋವು ಎನ್ನುತ್ತಾರೆ. ಅಷ್ಟರಲ್ಲಿ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಸುದ್ದಿ ಬರುತ್ತದೆ: ಕೋಕೋದಲ್ಲಿರುವ ಫ್ಲೇವನಾಯ್ಡ್ ರಕ್ತನಾಳದ ಉರಿಯೂತ ಇಳಿಸುತ್ತದೆ, ದೊಡ್ಡ ಅಧ್ಯಯನದಲ್ಲೇ ಸಾಬೀತಾಗಿದೆ. ಕೆಳಗೆ ಕ್ಯಾಪ್ಸೂಲ್ ಕೊಳ್ಳುವ ಲಿಂಕ್. ‘ಮಾತ್ರೆ ಬಿಟ್ಟು ಇದನ್ನೇ ಕೊಡೋಣವೇ?’ ಎಂಬ ಪ್ರಶ್ನೆ ಅಲ್ಲಿಂದ ಶುರುವಾಗುತ್ತದೆ.

ಸುದ್ದಿ ಸುಳ್ಳಲ್ಲ. ಅದು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮಾತ್ರ ನೋಡಬೇಕು.

ರಕ್ತನಾಳದ ಒಳಗೋಡೆಗೆ ಒಂದೇ ಒಂದು ಜೀವಕೋಶದಷ್ಟು ತೆಳುವಾದ ಪದರ ಇರುತ್ತದೆ. ಅದಕ್ಕೆ ಎಂಡೋಥೀಲಿಯಂ ಎನ್ನುತ್ತಾರೆ. ಆರೋಗ್ಯವಾಗಿದ್ದಾಗ ಇದು ನುಣುಪಾಗಿರುತ್ತದೆ, ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುತ್ತ ನಾಳವನ್ನು ಸಡಿಲವಾಗಿಡುತ್ತದೆ. ಧೂಮಪಾನ, ಸಕ್ಕರೆ ಕಾಯಿಲೆ, ಬಿಪಿ, ಹೆಚ್ಚಿದ ಕೊಲೆಸ್ಟ್ರಾಲ್ ಇದನ್ನು ಕೆರಳಿಸುತ್ತವೆ. ಆಗ ಜೀವಕೋಶದೊಳಗೆ ಎನ್‌ಎಫ್-ಕಪ್ಪಾ ಬಿ ಎಂಬ ಸ್ವಿಚ್ ಆನ್ ಆಗಿ, ಮೇಲ್ಮೈಯಲ್ಲಿ ಅಂಟಿನಂಥ ಅಣುಗಳು ಮೂಡುತ್ತವೆ. ಹರಿಯುತ್ತಿದ್ದ ಬಿಳಿ ರಕ್ತಕಣಗಳು ಅಲ್ಲಿ ಅಂಟಿಕೊಂಡು ಗೋಡೆಯೊಳಗೆ ನುಸುಳುತ್ತವೆ, ಕೊಬ್ಬಿನ ಗಡ್ಡೆ ಬೆಳೆಯಲು ದಾರಿಯಾಗುತ್ತದೆ.

ಪ್ರಯೋಗಾಲಯದಲ್ಲಿ ಹೊಕ್ಕುಳಬಳ್ಳಿಯ ನಾಳದಿಂದ ತೆಗೆದ ಜೀವಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ, ಬೇಕೆಂದೇ ಉರಿಯೂತ ಬರಿಸಿ, ಈರುಳ್ಳಿಯಲ್ಲಿರುವ ಕ್ವೆರ್ಸೆಟಿನ್‌ನಂಥ ಫ್ಲೇವನಾಯ್ಡ್ ಹಾಕಿದರೆ ಆ ಸ್ವಿಚ್ ತಣ್ಣಗಾಗುತ್ತದೆ, ಅಂಟು ಕಡಿಮೆಯಾಗುತ್ತದೆ. ಇದು ಅನೇಕ ಪ್ರಯೋಗಾಲಯಗಳಲ್ಲಿ ಕಂಡ ಸಂಗತಿ. ತೊಡಕು ಪ್ರಮಾಣದಲ್ಲಿದೆ. ತಟ್ಟೆಗೆ ಹಾಕುವುದು ಸಾಮಾನ್ಯವಾಗಿ 10ರಿಂದ 50 ಮೈಕ್ರೋಮೋಲಾರ್. ಈರುಳ್ಳಿ ಊಟ ಮಾಡಿದ ಮನುಷ್ಯನ ರಕ್ತದಲ್ಲಿ ಸಿಗುವುದು ಹೆಚ್ಚಾಗಿ ಒಂದು ಮೈಕ್ರೋಮೋಲಾರ್‌ಗಿಂತಲೂ ಕಡಿಮೆ. ಅದೂ ಮೂಲ ರೂಪದಲ್ಲಿ ಅಲ್ಲ. ಕರುಳು ಮತ್ತು ಯಕೃತ್ತು ಅದಕ್ಕೆ ಬೇರೆ ಅಣುಗಳನ್ನು ಜೋಡಿಸಿ ರೂಪ ಬದಲಿಸಿರುತ್ತವೆ. ಉಳಿದದ್ದನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಒಡೆಯುತ್ತವೆ. ಆದ್ದರಿಂದ ‘ಜೀವಕೋಶದ ಮಟ್ಟದಲ್ಲಿ ಸಾಬೀತಾಗಿದೆ’ ಎಂಬ ಜಾಹೀರಾತಿನ ಮಾತು ನಿಮ್ಮ ಅಪ್ಪನ ರಕ್ತನಾಳದ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ.

ಮನುಷ್ಯರ ಮೇಲೆ ನಡೆದ ಅತಿ ದೊಡ್ಡ ಪರೀಕ್ಷೆ ಅಮೆರಿಕದ ಕಾಸ್ಮಾಸ್. 60 ದಾಟಿದ ಗಂಡಸರು, 65 ದಾಟಿದ ಹೆಂಗಸರು ಸೇರಿ 21,442 ಜನ. ಅರ್ಧ ಜನರಿಗೆ ದಿನಕ್ಕೆ 500 ಮಿಲಿಗ್ರಾಂ ಕೋಕೋ ಫ್ಲೇವನಾಲ್, ಉಳಿದವರಿಗೆ ಹುಸಿ ಮಾತ್ರೆ. ಸುಮಾರು ಮೂರೂವರೆ ವರ್ಷದ ನಂತರ, 2022ರಲ್ಲಿ ಫಲಿತಾಂಶ ಬಂತು. ಹೃದಯಾಘಾತ, ಪಾರ್ಶ್ವವಾಯು ಮುಂತಾದ ಘಟನೆಗಳು ಕೋಕೋ ಗುಂಪಿನಲ್ಲಿ 410, ಹುಸಿ ಮಾತ್ರೆಯ ಗುಂಪಿನಲ್ಲಿ 456. ವ್ಯತ್ಯಾಸ ಇದೆ, ಆದರೆ ಆಕಸ್ಮಿಕವಲ್ಲ ಎಂದು ಹೇಳಲು ಅದು ಸಾಲದು. ಹೃದಯ ಸಂಬಂಧಿ ಸಾವುಗಳು 27% ಕಡಿಮೆಯಾದದ್ದು ನಿಜ. ಆದರೆ ಅದು ಅಧ್ಯಯನದ ಮುಖ್ಯ ಪ್ರಶ್ನೆಯಾಗಿರಲಿಲ್ಲ, ಹಾಗಾಗಿ ಅದನ್ನು ಭರವಸೆಯ ಸುಳಿವು ಎಂದಷ್ಟೇ ಓದಬೇಕು. ಕ್ಯಾಪ್ಸೂಲ್ ಮತ್ತು ಹಣದಲ್ಲಿ ಚಾಕೊಲೇಟ್ ಕಂಪನಿ ಮಾರ್ಸ್‌ನ ಅಂಗಸಂಸ್ಥೆಯ ಪಾಲಿತ್ತು. ಅಧ್ಯಯನ ಕೆಟ್ಟದ್ದು ಎಂದು ಇದರ ಅರ್ಥವಲ್ಲ, ಓದುವಾಗ ನೆನಪಿರಲಿ.

ವಾಟ್ಸ್‌ಆ್ಯಪ್‌ಗೆ ಬಂದದ್ದು ಇದರದ್ದೇ ಮುಂದಿನ ಭಾಗ. 2025ರಲ್ಲಿ ಅದೇ ಅಧ್ಯಯನದ 598 ಜನರ ರಕ್ತ ನೋಡಿದಾಗ, ಉರಿಯೂತದ ಸೂಚಕವಾದ ಸಿಆರ್‌ಪಿ ಕೋಕೋ ಗುಂಪಿನಲ್ಲಿ ಹುಸಿ ಮಾತ್ರೆಗಿಂತ ವರ್ಷಕ್ಕೆ 8.4% ಇಳಿದಿತ್ತು. ಒಳ್ಳೆಯ ಸುದ್ದಿಯೇ. ಈಗ ನೀವು ಬಿಡಲು ಹೊರಟಿರುವ ಮಾತ್ರೆಯ ಕಡೆ ನೋಡಿ. 2008ರ ಜೂಪಿಟರ್ ಅಧ್ಯಯನದಲ್ಲಿ, ಸಿಆರ್‌ಪಿ ಹೆಚ್ಚಿದ್ದ 17,802 ಜನರಲ್ಲಿ ರೋಸುವಾಸ್ಟಾಟಿನ್ ಆ ಸೂಚಕವನ್ನು 37% ಇಳಿಸಿತು, ಹೃದಯಾಘಾತ ಮುಂತಾದ ಘಟನೆಗಳನ್ನೂ 44% ಕಡಿಮೆ ಮಾಡಿತು. ಕೊಲೆಸ್ಟ್ರಾಲ್ ಮಾತ್ರೆ ಎಂದು ನಾವು ಕರೆಯುವುದು ಉರಿಯೂತವನ್ನೂ ಇಳಿಸುತ್ತದೆ ಎಂಬುದು ಯಾಕೋ ಯಾರ ಫಾರ್ವರ್ಡ್‌ನಲ್ಲೂ ಬರುವುದಿಲ್ಲ.

ಹಾಗೆಂದು ಅಡುಗೆಮನೆಯ ಫ್ಲೇವನಾಯ್ಡ್‌ಗೆ ಹೆದರಬೇಕಿಲ್ಲ. ಈರುಳ್ಳಿ, ನುಗ್ಗೆಸೊಪ್ಪು, ನೇರಳೆ ಹಣ್ಣು, ಕಿತ್ತಳೆ, ಚಹಾ ಎಲ್ಲದರಲ್ಲೂ ಇದೆ, ಧಾರಾಳವಾಗಿ ತಿನ್ನಲಿ. (ಅರಿಶಿನದ ಕರ್ಕ್ಯುಮಿನ್ ಫ್ಲೇವನಾಯ್ಡ್ ಅಲ್ಲ, ಅದರ ದೂರದ ನೆಂಟ.) ಅಂಗಡಿಯ ಚಾಕೊಲೇಟ್ ಮಾತ್ರ ಆ 500 ಮಿಲಿಗ್ರಾಂಗೆ ಬದಲಿಯಲ್ಲ. ಕೋಕೋವನ್ನು ಕ್ಷಾರದಲ್ಲಿ ಸಂಸ್ಕರಿಸಿದಾಗ ಫ್ಲೇವನಾಲ್ ಬಹಳಷ್ಟು ಹೋಗಿಬಿಡುತ್ತದೆ, ಸಕ್ಕರೆ ಉಳಿಯುತ್ತದೆ.

ಸಾರವನ್ನು ಗಟ್ಟಿ ಮಾಡಿದ ಕ್ಯಾಪ್ಸೂಲ್‌ಗಳ ಕಥೆ ಬೇರೆ. ಗ್ರೀನ್ ಟೀ ಸಾರದ ಇಜಿಸಿಜಿ ದಿನಕ್ಕೆ 800 ಮಿಲಿಗ್ರಾಂ ಮುಟ್ಟಿದರೆ ಯಕೃತ್ತಿಗೆ ಪೆಟ್ಟಾಗುವ ಲಕ್ಷಣ ಕಾಣಬಹುದೆಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲೇ ಹೇಳಿದೆ. ಹಣ್ಣೂ ಕೆಲವೊಮ್ಮೆ ಔಷಧಿಯ ಜೊತೆ ಜಗಳವಾಡುತ್ತದೆ. ಗ್ರೇಪ್‌ಫ್ರೂಟ್ ರಸ ಕುಡಿದರೆ ಸಿಮ್ವಾಸ್ಟಾಟಿನ್, ಅಟೋರ್ವಾಸ್ಟಾಟಿನ್‌ನಂಥ ಮಾತ್ರೆಗಳ ಮಟ್ಟ ರಕ್ತದಲ್ಲಿ ಏರುತ್ತದೆ. ಮೊದಲು ಅದರ ಫ್ಲೇವನಾಯ್ಡ್ ಮೇಲೆಯೇ ಅನುಮಾನವಿತ್ತು, ಮುಖ್ಯ ಕಾರಣ ಫ್ಯುರಾನೋಕೂಮರಿನ್ ಎಂಬ ಬೇರೆ ಪದಾರ್ಥ ಎಂದು ಆಮೇಲೆ ಗೊತ್ತಾಯಿತು. ನಮ್ಮ ಚಕ್ಕೋತದಲ್ಲೂ ಅದಿದೆ, ಮುಂಬೈ ಪುಣೆಯ ಮಾರುಕಟ್ಟೆಯಲ್ಲಿ ಪಪನಸ್ ಎಂದು ಕೇಳಿ ತರುತ್ತೀರಲ್ಲ, ಅದೇ.

ಇನ್ನೊಂದು ಗೊಂದಲ. ಮೂಲವ್ಯಾಧಿಗೆ, ಉಬ್ಬಿದ ಕಾಲಿನ ನರಗಳಿಗೆ ವೈದ್ಯರು ಬರೆಯುವ ಡಯೋಸ್ಮಿನ್-ಹೆಸ್ಪೆರಿಡಿನ್ ಮಾತ್ರೆಯೂ ಫ್ಲೇವನಾಯ್ಡೇ. ಅದು ಅಭಿಧಮನಿಗಳ ತೊಂದರೆಗೆ ಕೊಡುವ ಮದ್ದು, ಹೃದಯದ ಸ್ಟೆಂಟ್‌ಗಲ್ಲ.

ಅಪ್ಪನ ಕಾಲು ನೋವಿಗೆ ಬರೋಣ. ಅದನ್ನು ಸಹಿಸಿಕೊಂಡಿರಿ ಎಂದು ಯಾರೂ ಹೇಳುತ್ತಿಲ್ಲ. ಡೋಸ್ ಇಳಿಸಬಹುದು, ಬೇರೆ ಸ್ಟ್ಯಾಟಿನ್‌ಗೆ ಬದಲಿಸಬಹುದು, ಸ್ಟ್ಯಾಟಿನ್ ಅಲ್ಲದ ಔಷಧಿಗಳೂ ಇವೆ. ನೋವು ಜೋರಾಗಿದ್ದರೆ ಅಥವಾ ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಅಂದೇ ವೈದ್ಯರನ್ನು ಕಾಣಿ. ಆಸ್ಪಿರಿನ್, ಕ್ಲೋಪಿಡೋಗ್ರೆಲ್‌ನಂಥ ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಮಾತ್ರ ಕೇಳದೆ ನಿಲ್ಲಿಸಬೇಡಿ, ಸ್ಟೆಂಟ್‌ನೊಳಗೆ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಮುಂದಿನ ಭೇಟಿಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಕ್ಯಾಪ್ಸೂಲ್ ಡಬ್ಬಿಗಳನ್ನೂ, ‘ನೈಸರ್ಗಿಕ’ ಎಂದು ಬರೆದವನ್ನೂ ಸೇರಿಸಿ, ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಮೇಜಿನ ಮೇಲಿಡಿ.