ನಾಸಿಕ್ ಕುಂಭಮೇಳ 2027: ದೇವಳಾಲಿಯಲ್ಲಿ ಬಾಡಿಗೆ ಬಂಗಲೆ ಹುಡುಕುವವರು ಮೊದಲು ಕೇಳಬೇಕಾದ ಪ್ರಶ್ನೆ, ಮನೆ ಯಾರದ್ದು?

ನಾಸಿಕ್-ತ್ರ್ಯಂಬಕೇಶ್ವರ ಸಿಂಹಸ್ಥ ಕುಂಭಮೇಳದ ಧ್ವಜಾರೋಹಣಕ್ಕೆ 2026ರ ಅಕ್ಟೋಬರ್ 31ರ ದಿನ ನಿಗದಿಯಾಗಿದೆ. ಮೂರು ಅಮೃತ ಸ್ನಾನಗಳು ಬರುವುದು 2027ರ ಆಗಸ್ಟ್ 2, ಆಗಸ್ಟ್ 31 ಮತ್ತು ಸೆಪ್ಟೆಂಬರ್ 11ರಂದು. ತ್ರ್ಯಂಬಕೇಶ್ವರದಲ್ಲಿ ಮೂರನೆಯದು ಸೆಪ್ಟೆಂಬರ್ 12ಕ್ಕೆ. ಶಿರಡಿಗೆ ಹೋದವರು ಹಾಗೆಯೇ ನಾಸಿಕ್, ತ್ರ್ಯಂಬಕ ನೋಡಿಕೊಂಡು ಬರುವುದು ಕರ್ನಾಟಕದ ಕುಟುಂಬಗಳಿಗೆ ಹೊಸದೇನಲ್ಲ. ಈ ಬಾರಿ ನಗರದ ಲಾಡ್ಜ್‌ಗಳಲ್ಲಿ ಜಾಗ ಸಿಗುವುದು ಕಷ್ಟ ಎಂದುಕೊಂಡವರ ಕಣ್ಣು ಸಹಜವಾಗಿಯೇ ಸುತ್ತಲಿನ ಊರುಗಳತ್ತ ಹೊರಳುತ್ತದೆ. ಇಗತ್‌ಪುರಿ, ಗಂಗಾಪುರದ ದ್ರಾಕ್ಷಿ ತೋಟಗಳು, ದೇವಳಾಲಿ ಕ್ಯಾಂಪ್.

ಇವುಗಳಲ್ಲಿ ದೇವಳಾಲಿಯ ಕಥೆಯೇ ಬೇರೆ.

ರಜೆಗೆ ಮನೆ ಬಾಡಿಗೆ ಹಿಡಿಯುವ ರೂಢಿ ಅಲ್ಲಿ ಆ್ಯಪ್‌ಗಳು ಕಲಿಸಿದ್ದಲ್ಲ. ಬ್ರಿಟಿಷರ ಕಾಲದಲ್ಲಿ ಸೈನಿಕರು ತವರಿಗೆ ಹಡಗು ಹತ್ತುವ ಮುನ್ನ ತಿಂಗಳುಗಟ್ಟಲೆ ಕಾದು ಕೂರುತ್ತಿದ್ದ ದಂಡಿನ ಊರು ಇದು. ಕಾದು ಕಾದು ತಲೆ ಕೆಟ್ಟವರನ್ನು ಕುರಿತ ‘ಡೂಲಾಲಿ’ ಎಂಬ ಇಂಗ್ಲಿಷ್ ಪದ ಹುಟ್ಟಿದ್ದೂ ಈ ಊರ ಹೆಸರಿನಿಂದಲೇ. ಒಣ ಹವೆ ಎದೆರೋಗಕ್ಕೆ ಒಳ್ಳೆಯದೆಂಬ ನಂಬಿಕೆಯಿಂದ ಮುಂಬೈನ ಪಾರ್ಸಿ, ಗುಜರಾತಿ ಸಮುದಾಯಗಳು ಇಲ್ಲಿ ಸ್ಯಾನಟೋರಿಯಂಗಳನ್ನು ಕಟ್ಟಿಸಿದವು. ಶ್ರೀಮಂತರು ಬಂಗಲೆ ಮಾಡಿಕೊಂಡರು. ರೋಗಿಗಳ ಜಾಗಕ್ಕೆ ಕಾಲಕ್ರಮೇಣ ರಜೆಗೆ ಬರುವ ಕುಟುಂಬಗಳು ಬಂದವು. ಈಗ 701 ಕಿ.ಮೀ. ಉದ್ದದ ಸಮೃದ್ಧಿ ಹೆದ್ದಾರಿ 2025ರ ಜೂನ್‌ನಲ್ಲಿ ಪೂರ್ತಿಯಾಗಿ ತೆರೆದ ಮೇಲೆ ಮುಂಬೈಯವರಿಗೆ ಈ ಭಾಗ ಇನ್ನಷ್ಟು ಹತ್ತಿರವಾಗಿದೆ. ಖಾಲಿ ಬಿದ್ದ ಬಂಗಲೆಗೆ ಬಣ್ಣ ಬಳಿದು ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಆಸೆ ಯಾರಿಗಾದರೂ ಹುಟ್ಟುವಂಥದ್ದೇ.

ನೆಲ ಸರ್ಕಾರದ್ದು, ಗೋಡೆ ಮಾಲೀಕನದ್ದು

ಸಮಸ್ಯೆ ಶುರುವಾಗುವುದು ಇಲ್ಲಿ. ದಂಡುಪ್ರದೇಶದ ಹಳೆಯ ಬಂಗಲೆಗಳಲ್ಲಿ ಬಹಳಷ್ಟು ‘ಓಲ್ಡ್ ಗ್ರ್ಯಾಂಟ್’ ಪದ್ಧತಿಯವು. ಅಂದರೆ ಕಟ್ಟಡದ ಹಕ್ಕು ಮಾತ್ರ ಮನೆಯವರದ್ದು, ನೆಲ ಭಾರತ ಸರ್ಕಾರದ್ದು. ವಾಸಕ್ಕೆಂದು ಕೊಟ್ಟ ಜಾಗವನ್ನು ವ್ಯಾಪಾರಕ್ಕೆ ಬಳಸಬೇಕಾದರೆ ಅನುಮತಿ ಬೇಕು. ದುರಸ್ತಿ, ವಿಸ್ತರಣೆಗಳಿಗೂ ಕಂಟೋನ್ಮೆಂಟ್ ಮಂಡಳಿಯ ಬಾಗಿಲು ತಟ್ಟಬೇಕು. ರಾಜ್ಯದ ಏಕೈಕ ದಂಡುಪ್ರದೇಶವಾದ ಬೆಳಗಾವಿ ಕ್ಯಾಂಪ್‌ನಲ್ಲಿ ಮನೆ ಇರುವವರಿಗೆ ಈ ತಾಪತ್ರಯ ಬಿಡಿಸಿ ಹೇಳಬೇಕಿಲ್ಲ.

ಇದರ ಮೇಲೆ ಇನ್ನೊಂದು ಗೊಂದಲ. ದಂಡುಪ್ರದೇಶಗಳ ನಾಗರಿಕ ವಸತಿಯನ್ನು ಬೇರ್ಪಡಿಸಿ ಸ್ಥಳೀಯ ಸಂಸ್ಥೆಗಳಿಗೆ ಸೇರಿಸುವ ಪ್ರಕ್ರಿಯೆಯನ್ನು ಕೇಂದ್ರ ಸರ್ಕಾರ 2023ರಲ್ಲಿ ಹಿಮಾಚಲದ ಯೋಲ್‌ನಿಂದ ಆರಂಭಿಸಿತು. 2024ರಲ್ಲಿ ಕರಡು ಅಧಿಸೂಚನೆ ಹೊರಬಿದ್ದ 10 ದಂಡುಪ್ರದೇಶಗಳ ಪಟ್ಟಿಯಲ್ಲಿ ದೇವಳಾಲಿಯೂ ಇದೆ. ಮಂಡಳಿಯ ನಿಯಮ ಒಂದು, ನಗರಾಡಳಿತದ ನಿಯಮ ಇನ್ನೊಂದು. ಈ ಬದಲಾವಣೆಯ ನಡುವೆ ಬಂಗಲೆಯೊಂದು ಇವತ್ತು ಯಾವ ಪರವಾನಗಿಯಲ್ಲಿ ನಡೆಯುತ್ತಿದೆ, ಮುಂದಿನ ವರ್ಷವೂ ಅದು ಊರ್ಜಿತವಾಗಿರುತ್ತದೆಯೇ ಎಂಬುದು ಮಾಲೀಕನಿಗೇ ಸ್ಪಷ್ಟವಿರಲಿಕ್ಕಿಲ್ಲ. ಅತಿಥಿಗಂತೂ ದೂರದ ಮಾತು.

ಕರ್ನಾಟಕ ಇದರ ರುಚಿಯನ್ನು ಹಂಪಿಯಲ್ಲಿ ಕಂಡಿದೆ. ತುಂಗಭದ್ರೆಯ ಆಚೆ ದಡದ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳಿಗೆ ವರ್ಷಗಟ್ಟಲೆ ಪ್ರವಾಸಿಗರು ಬಂದುಹೋದರು. ಅವು ಅಕ್ರಮ ಎಂಬ ವಾದ ನ್ಯಾಯಾಲಯದಲ್ಲಿ ನಡೆದೇ ಇತ್ತು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೆರವಿನ ಆದೇಶ ಎತ್ತಿಹಿಡಿಯಿತು, ಮರು ತಿಂಗಳು ಜೆಸಿಬಿಗಳು ಬಂದವು. ಅದೇ ಸೀಮೆಯ ಸಾಣಾಪುರದಲ್ಲಿ 2025ರ ಮಾರ್ಚ್‌ನಲ್ಲಿ ಪ್ರವಾಸಿಗರು ಮತ್ತು ಹೋಂಸ್ಟೇ ನಡೆಸುತ್ತಿದ್ದ ಮಹಿಳೆಯ ಮೇಲೆ ಬರ್ಬರ ದಾಳಿ ನಡೆದ ಬಳಿಕವಷ್ಟೇ ಯಾವ ಹೋಂಸ್ಟೇಗೆ ಪರವಾನಗಿ ಇದೆ, ಯಾವುದಕ್ಕಿಲ್ಲ ಎಂಬ ಲೆಕ್ಕಾಚಾರ ಜೋರಾಯಿತು. ಪರವಾನಗಿ ಎಂಬುದು ಬರೀ ತೆರಿಗೆಯ ಕಾಗದವಲ್ಲ. ರಾತ್ರಿ ಅಲ್ಲಿ ಯಾರು ಮಲಗಿದ್ದಾರೆ ಎಂಬುದು ಪೊಲೀಸರಿಗೆ ಗೊತ್ತಿರುವ ಏರ್ಪಾಡು ಅದು.

ಮುಂಗಡ ಹೋಗುವ ದಾರಿ

ಇನ್ನು ಹಣದ ವಿಚಾರ. 2025ರ ಪ್ರಯಾಗರಾಜ್ ಮಹಾಕುಂಭದ ಹೊತ್ತಿಗೆ ಕಾಟೇಜ್, ಟೆಂಟ್ ಕಾಯ್ದಿರಿಸುವ ನೆಪದ ನಕಲಿ ಜಾಲತಾಣಗಳ ಬಗ್ಗೆ ಉತ್ತರ ಪ್ರದೇಶ ಪೊಲೀಸರು ಎಚ್ಚರಿಕೆ ಕೊಡಬೇಕಾಯಿತು. ಅದಕ್ಕಿಂತ ಹಳೆಯ ಇನ್ನೊಂದು ಮೋಸವೂ ಇದೆ. ತಾನು ಸೈನಿಕ, ವರ್ಗಾವಣೆಯಾಗಿದೆ, ಮನೆ ಖಾಲಿ ಇದೆ ಎಂದು ಗುರುತಿನ ಚೀಟಿಯ ಫೋಟೊ ಕಳಿಸಿ ಮುಂಗಡ ಪಡೆದು ಫೋನ್ ಬಂದ್ ಮಾಡುವವರ ವಿರುದ್ಧ ದೇಶದ ಹಲವೆಡೆ ದೂರುಗಳು ದಾಖಲಾಗಿವೆ. ಸಮವಸ್ತ್ರದ ಮೇಲೆ ಜನರಿಗಿರುವ ನಂಬಿಕೆಯೇ ಇವರ ಬಂಡವಾಳ. ತೋಪಖಾನೆಯ ತರಬೇತಿ ಶಾಲೆ ಇರುವ ದೇವಳಾಲಿಯಂಥ ಊರಿನ ಹೆಸರು ಹೇಳಿದರೆ ಕಥೆಗೆ ಇನ್ನಷ್ಟು ಬಲ ಬರುತ್ತದೆ. ನಿಜವಾದ ಸೈನಿಕ ತನ್ನ ಸರ್ಕಾರಿ ಕ್ವಾರ್ಟರ್ಸನ್ನು ಯಾತ್ರಿಕರಿಗೆ ಬಾಡಿಗೆಗೆ ಕೊಡುವುದಿಲ್ಲ ಎಂಬ ಸರಳ ಮಾತು ಆ ಗಡಿಬಿಡಿಯಲ್ಲಿ ಹೊಳೆಯುವುದಿಲ್ಲ. ಹಣ ಹೋಯಿತೆಂದು ಗೊತ್ತಾದ ತಕ್ಷಣ 1930ಕ್ಕೆ ಕರೆ ಮಾಡಿದರೆ ಅದು ಮುಂದಿನ ಖಾತೆಗೆ ಹಾರುವ ಮೊದಲು ತಡೆಯುವ ಅವಕಾಶ ಇರುತ್ತದೆ. ತಡವಾದಷ್ಟೂ ಆಸೆ ಕಡಿಮೆ.

ಆ್ಯಪ್ ಬಿಟ್ಟು ನೇರವಾಗಿ ಕೊಟ್ಟರೆ ಕಡಿಮೆಗೆ ಕೊಡುತ್ತೇನೆ ಎನ್ನುವ ಮಾಲೀಕರೆಲ್ಲ ಮೋಸಗಾರರಲ್ಲ, ನಿಜ. ಆ್ಯಪ್‌ನ ಕಮಿಷನ್ ಮತ್ತು ಜಿಎಸ್‌ಟಿ ಉಳಿಸುವುದು ಅವರ ಲೆಕ್ಕ. ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ಶೇ 5ರಷ್ಟು ತೆರಿಗೆ. ಮಾಲೀಕ ಜಿಎಸ್‌ಟಿ ನೋಂದಣಿ ಮಾಡಿಸದಿದ್ದರೆ ಅದನ್ನು ಕಟ್ಟುವ ಹೊಣೆ ಆ್ಯಪ್‌ನದ್ದೇ. 4,000 ರೂಪಾಯಿಯ ಮನೆಗೆ ದಿನಕ್ಕೆ 200 ರೂಪಾಯಿ. ಅಷ್ಟನ್ನು ಉಳಿಸಲು ಹೋದವರ ಕೈಯಲ್ಲಿ ರಸೀದಿಯೇ ಇರುವುದಿಲ್ಲ, ಗ್ರಾಹಕರ ವೇದಿಕೆಗೆ ಹೋದರೆ ತೋರಿಸಲು ವಾಟ್ಸ್‌ಆ್ಯಪ್ ಸಂದೇಶವಷ್ಟೇ ಉಳಿದಿರುತ್ತದೆ. ಮಹಾರಾಷ್ಟ್ರದಲ್ಲಿ ‘ನಿವಾಸ-ನ್ಯಾಹಾರಿ’ ಎಂಬ ನೋಂದಾಯಿತ ಮನೆವಾಸದ ಯೋಜನೆ ಇದೆ. ಆ ನೋಂದಣಿ ಸಂಖ್ಯೆ ಕೇಳಿದಾಗ ಮಾತು ಹಾರಿಸುವವರ ಬಗ್ಗೆ ಒಂದು ತೀರ್ಮಾನಕ್ಕೆ ಬರಬಹುದು.

ದೂರದ ಲೆಕ್ಕವೂ ಮೋಸ ಮಾಡುತ್ತದೆ. ಕ್ಯಾಂಪ್‌ನಿಂದ ರಾಮಕುಂಡಕ್ಕೆ ಸುಮಾರು 15 ಕಿ.ಮೀ., ಸಾಮಾನ್ಯ ದಿನ ಅರ್ಧ-ಮುಕ್ಕಾಲು ಗಂಟೆಯ ದಾರಿ. ಸ್ನಾನದ ದಿನ ಹಾಗಲ್ಲ. 2003ರ ಕುಂಭದಲ್ಲಿ ಕಾಲ್ತುಳಿತಕ್ಕೆ 39 ಮಂದಿ ಬಲಿಯಾದ ನೆನಪು ನಾಸಿಕ್ ಆಡಳಿತವನ್ನು ಬಿಟ್ಟಿಲ್ಲ. 2015ರಲ್ಲಿ ಖಾಸಗಿ ವಾಹನಗಳನ್ನು ಹೊರವಲಯದಲ್ಲೇ ನಿಲ್ಲಿಸಿ, ಅಲ್ಲಿಂದ ಬಸ್ಸು, ಕೊನೆಗೆ ಕಾಲ್ನಡಿಗೆ ಎಂಬ ವ್ಯವಸ್ಥೆ ಮಾಡಲಾಗಿತ್ತು. ವಯಸ್ಸಾದ ಅಜ್ಜ-ಅಜ್ಜಿಯನ್ನು ಕರೆದೊಯ್ಯುವವರಿಗೆ ಬಂಗಲೆಯ ವಿಶಾಲ ಜಗುಲಿಗಿಂತ ಬಸ್ ನಿಲ್ಲುವ ಜಾಗ ಮುಖ್ಯವಾಗುತ್ತದೆ. ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿಯುವವರು ಇನ್ನೊಂದು ಗಮನಿಸಬೇಕು: ಅದು ಕೋಪರಗಾಂವ್, ಮನ್ಮಾಡ್ ಮೂಲಕ ಉತ್ತರಕ್ಕೆ ಹೋಗುತ್ತದೆ, ನಾಸಿಕ್ ರೋಡ್‌ಗೆ ಹೋಗುವುದಿಲ್ಲ.

ಒಂದೇ ಮನೆಯಲ್ಲಿದ್ದುಕೊಂಡು ಛತ್ರಪತಿ ಸಂಭಾಜಿನಗರದ ಗುಹೆಗಳನ್ನೂ ನೋಡಿಬಿಡೋಣ ಎಂಬ ಯೋಜನೆ ಕಾಗದದ ಮೇಲಷ್ಟೇ ಚೆನ್ನ. ಎರಡು ನಗರಗಳ ನಡುವೆ ಹೆಚ್ಚುಕಡಿಮೆ 200 ಕಿ.ಮೀ. ಇದೆ. ಅಜಂತಾ ಸೋಮವಾರ, ಎಲ್ಲೋರಾ ಮಂಗಳವಾರ ಮುಚ್ಚಿರುತ್ತವೆ. ಗುಹೆಗಳಿಗೆ ಬೇರೆಯೇ ವಾಸ್ತವ್ಯ ಮಾಡಿಕೊಳ್ಳುವುದು ಲೇಸು.

ಬುಕಿಂಗ್ ರದ್ದತಿಯ ಷರತ್ತನ್ನು ಯಾರೂ ಓದುವುದಿಲ್ಲ, ಆದರೆ ಈ ಬಾರಿ ಓದಬೇಕು. ಮೂರೂ ಅಮೃತ ಸ್ನಾನಗಳು ಮಳೆಗಾಲದಲ್ಲೇ ಇವೆ. ಗಂಗಾಪುರ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಗೋದಾವರಿ ಎಷ್ಟು ಏರಿದೆ ಎಂಬುದನ್ನು ನಾಸಿಕ್‌ನವರು ರಾಮಕುಂಡದ ಬಳಿಯ ದುತೋಂಡ್ಯಾ ಮಾರುತಿಯ ವಿಗ್ರಹ ನೋಡಿ ಅಳೆಯುತ್ತಾರೆ. ನೀರು ಮಾರುತಿಯ ಸೊಂಟ ಮುಟ್ಟಿದ ದಿನ ಪ್ರಯಾಣ ಮುಂದೂಡಿದರೆ ಮುಂಗಡ ವಾಪಸ್ ಬರುತ್ತದೆಯೇ ಎಂಬುದಕ್ಕೆ ಉತ್ತರವನ್ನು ಹಣ ಕಳಿಸುವ ಮೊದಲೇ ಬರಹದಲ್ಲಿ ಪಡೆದಿರಬೇಕು.