ಬಿಟ್ಟಿಯಲ್ಲ, ಮುಯ್ಯಿ: ಪರದೇಶದಲ್ಲಿ ಮನೆ ಕಾಯುವ ಪ್ರವಾಸ



ಈ ಸಲ ಒಂದೇ ವಿಷಯದ ಮೇಲೆ ಎರಡು ಪತ್ರ ಬಂದಿವೆ. ಒಂದನ್ನು ಬರೆದವರು ಒಬ್ಬ ತಾಯಿ. "ಡಿಗ್ರಿ ಮುಗಿಸಿದ ಮಗಳು ಆರು ತಿಂಗಳು ಯೂರೋಪು ಸುತ್ತಿ ಬರ್ತೀನಿ ಅಂತ ಹಠ ಹಿಡಿದಿದ್ದಾಳೆ. ಅಲ್ಲಿ ನಾಯಿ ಬೆಕ್ಕು ನೋಡಿಕೊಂಡರೆ ಇರೋದಕ್ಕೆ ಮನೆ ಬಿಟ್ಟಿ ಸಿಗ್ತದಂತೆ, ತೋಟದಲ್ಲಿ ಕೆಲಸ ಮಾಡಿದರೆ ಊಟವೂ ಸಿಗ್ತದಂತೆ. ಯಜಮಾನರು ಆ ಮಾತೇ ಎತ್ತಬೇಡ ಅಂತಾರೆ. ನಾನು ಯಾರ ಕಡೆ ಮಾತಾಡಲಿ?" ಎಂದು ಕೇಳಿದ್ದಾರೆ.

ಇನ್ನೊಂದು ಪತ್ರ ನಿವೃತ್ತ ಶಿಕ್ಷಕಿಯೊಬ್ಬರದು. ವಯಸ್ಸು 61. ಮಕ್ಕಳು ಒಂದು ನೆಲೆಗೆ ಬಂದಿದ್ದಾರೆ, ಪಿಂಚಣಿ ಬರುತ್ತದೆ. "ಟೂರಿನವರ ಜತೆ ಹತ್ತು ದಿನದಲ್ಲಿ ಹತ್ತು ಊರು ಓಡುವುದು ನನಗೆ ಬೇಡ. ಒಂದೇ ಊರಲ್ಲಿ ಒಂದು ತಿಂಗಳು ಇದ್ದು, ಅಲ್ಲಿಯವರ ಹಾಗೆ ಸಂತೆಗೆ ಹೋಗಿ ಬಂದು ನೋಡುವ ಆಸೆ. ಈ ದಾರಿ ನಮ್ಮಂಥವರಿಗೆ ಆಗಿಬರುತ್ತದೆಯೆ?" ಎಂಬುದು ಅವರ ಪ್ರಶ್ನೆ.

ದೇಶ ಸುತ್ತು, ಕೋಶ ಓದು ಅಂತ ಹಿರಿಯರು ಹೇಳಿದ್ದು ಗಂಡುಮಕ್ಕಳಿಗೆ ಮಾತ್ರ ಅಲ್ಲವಲ್ಲ! ಆಸೆ ಪಟ್ಟದ್ದರಲ್ಲಿ ತಪ್ಪಿಲ್ಲ. ಆದರೆ ಆ "ಬಿಟ್ಟಿ" ಎಂಬ ಮಾತಿದೆ ನೋಡಿ, ಅದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಇದು ಏನು, ಎಲ್ಲಿಂದ ಬಂತು?

ನಾವು ಮದುವೆಗೆಂದು ನಾಲ್ಕು ದಿನ ಹೊರಟರೆ ಏನು ಮಾಡುತ್ತೇವೆ? ಬೀಗದ ಕೈ ಪಕ್ಕದ ಮನೆಯವರಿಗೆ ಕೊಟ್ಟು, "ತುಳಸಿಗೆ ಒಂದು ಚೊಂಬು ನೀರು ಹಾಕಿ, ಬೆಕ್ಕಿಗೆ ಒಂದಿಷ್ಟು ಹಾಲು ಇಡಿ" ಅಂತ ಹೇಳಿ ಹೋಗುತ್ತೇವೆ. ಅವರು ಹೊರಟಾಗ ನಾವು ನೋಡಿಕೊಳ್ಳುತ್ತೇವೆ. ಇಂಗ್ಲೆಂಡು, ಅಮೆರಿಕ, ಆಸ್ಟ್ರೇಲಿಯಾ ಕಡೆ ಎಷ್ಟೋ ಮನೆಗಳಲ್ಲಿ ಇರುವವರೇ ಇಬ್ಬರು. ರಜಾ ಬಂತೆಂದರೆ ಇಬ್ಬರೂ ಹೊರಡುತ್ತಾರೆ. ನಾಯಿಯನ್ನು ದುಡ್ಡು ಕೊಟ್ಟು ಬೇರೆಡೆ ಬಿಡುವುದು ದುಬಾರಿ. ಬೆಕ್ಕಿಗಂತೂ ಜಾಗ ಬದಲಾದರೆ ಆಗುವುದಿಲ್ಲ. ಹಾಗಾಗಿ ನಂಬಿಕಸ್ಥರೊಬ್ಬರನ್ನು ತಮ್ಮ ಮನೆಯಲ್ಲೇ ಇರಿಸಿ ಹೋಗುತ್ತಾರೆ. ಇರುವವರಿಗೆ ಸಂಬಳ ಇಲ್ಲ, ಅವರು ಬಾಡಿಗೆ ಕೊಡುವುದೂ ಇಲ್ಲ. ಎರಡು ಕಡೆಯವರನ್ನು ಕೂಡಿಸುವ ಸಂಸ್ಥೆಗಳಲ್ಲಿ, 2010ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಟ್ರಸ್ಟೆಡ್ ಹೌಸ್‌ಸಿಟ್ಟರ್ಸ್ ಹೆಸರಾದದ್ದು. ಅದಕ್ಕೆ ವರ್ಷದ ಸದಸ್ಯತ್ವದ ಹಣ ಕಟ್ಟಬೇಕು.

ತೋಟದ ಕೆಲಸದ ದಾರಿ ಇದಕ್ಕಿಂತ ಹಳೆಯದು. ಅದನ್ನು ಶುರು ಮಾಡಿದವರು ಒಬ್ಬ ಹೆಣ್ಣುಮಗಳು. ಲಂಡನ್ನಿನ ಆಫೀಸಿನಲ್ಲಿ ಸೆಕ್ರೆಟರಿಯಾಗಿದ್ದ ಸ್ಯೂ ಕಾಪರ್ಡ್ ಅವರಿಗೆ ಹಳ್ಳಿಯ ಕಡೆ ಹೋಗಿ ಇರುವ ಆಸೆ. ಹೋಗಿ ಉಳಿಯಲು ಅನುಕೂಲವಿಲ್ಲ. 1971ರಲ್ಲಿ ಸಸೆಕ್ಸ್ ಪ್ರಾಂತದ ಎಮರ್ಸನ್ ಕಾಲೇಜಿನ ಸಾವಯವ ತೋಟದವರನ್ನು ಒಪ್ಪಿಸಿ, ಶನಿವಾರ ಭಾನುವಾರ ಕೆಲಸ ಮಾಡಿಕೊಟ್ಟು ಅಲ್ಲೇ ಉಂಡು ಮಲಗುವ ಏರ್ಪಾಡು ಮಾಡಿದರು. ಅದೇ ಇಂದು ಹಲವು ದೇಶಗಳಲ್ಲಿ ಹಬ್ಬಿರುವ ವೂಫ್ ಎಂಬ ಸಂಸ್ಥೆ. ದಿನಕ್ಕೆ 4ರಿಂದ 6 ಗಂಟೆ ಕೆಲಸ, ಬದಲಿಗೆ ಊಟ ವಸತಿ. 2002ರಲ್ಲಿ ಶುರುವಾದ ವರ್ಕ್‌ಅವೇ ಎಂಬುದರಲ್ಲಿ ತೋಟವಷ್ಟೇ ಅಲ್ಲ, ಮಕ್ಕಳನ್ನು ನೋಡಿಕೊಳ್ಳುವುದು, ಅಡಿಗೆ, ಗೋಡೆಗೆ ಬಣ್ಣ ಬಳಿಯುವುದು ಎಲ್ಲ ಇದೆ.

ನಮ್ಮ ಹಳ್ಳಿಗಳಲ್ಲಿ ನಾಟಿಗೂ ಕೊಯ್ಲಿಗೂ ಮುಯ್ಯಾಳು ಹೋಗುವ ಪದ್ಧತಿ ಇತ್ತಲ್ಲ, ಇದೂ ಅದೇ. ಮುಯ್ಯಿಗೆ ಮುಯ್ಯಿ.

ಕೆಲಸ ಯಾವ ಥರದ್ದು?

ನಾಯಿ ಇರುವ ಮನೆಯಾದರೆ ಬೆಳಿಗ್ಗೆ ಸಂಜೆ ಎರಡು ಹೊತ್ತು ಅದನ್ನು ಅಡ್ಡಾಡಿಸಬೇಕು. ಮಳೆಯಿರಲಿ, ಮಂಜು ಬೀಳಲಿ, ತಪ್ಪಿಸುವಂತಿಲ್ಲ. ದಾರಿಯಲ್ಲಿ ಅದು ಮಾಡಿದ ಹೇಸಿಗೆಯನ್ನು ಚೀಲದಲ್ಲಿ ಕೈಯಾರೆ ಎತ್ತಿ ತೊಟ್ಟಿಗೆ ಹಾಕಬೇಕು. ಬೆಕ್ಕಿನ ಮನೆಯಾದರೆ ಅದು ಕೂರುವ ಮರಳಿನ ತಟ್ಟೆಯನ್ನು ದಿನವೂ ಶುಚಿ ಮಾಡಬೇಕು. ಮುದಿ ಪ್ರಾಣಿಗಳಿಗೆ ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವುದೂ ಇರುತ್ತದೆ. ನಾಯಿ ಬೆಕ್ಕಿನ ಊಟ ಎಂದರೆ ಹೆಚ್ಚಾಗಿ ಮಾಂಸ, ಮೀನಿನ ಡಬ್ಬಿ. ಕಟ್ಟಾ ಸಸ್ಯಾಹಾರಿಗಳು ಇದನ್ನು ಮೊದಲೇ ಯೋಚಿಸಿಕೊಳ್ಳಬೇಕು, ಅಲ್ಲಿ ಹೋಗಿ ಮೂಗು ಮುಚ್ಚಿಕೊಂಡರೆ ಆಗದು.

ಇನ್ನೊಂದು ಮಾತು. ನಾಯಿಯನ್ನು ಒಂದೇ ಬಿಟ್ಟು ದಿನಪೂರ್ತಿ ಊರು ನೋಡಲು ಹೋಗುವ ಹಾಗಿಲ್ಲ. ಮೂರ್ನಾಲ್ಕು ಗಂಟೆಯೊಳಗೆ ಮನೆ ಸೇರಬೇಕು. ಮನೆಯೋ ಊರಾಚೆ, ಬಸ್ಸು ಅಪರೂಪ. ಲಂಡನ್ ನೋಡಲು ಹೋದವರು ಹಳ್ಳಿಯಲ್ಲಿ ನಾಯಿಯ ಮುಖ ನೋಡಿಕೊಂಡು ಕೂರಬೇಕಾದೀತು! ಊರು ನೋಡುವ ಆಸೆಯಿದ್ದವರಿಗೆ ಪೇಟೆಯೊಳಗಿನ ಬೆಕ್ಕಿನ ಮನೆಯೇ ವಾಸಿ.

ಖರ್ಚಿನ ಲೆಕ್ಕ

ಉಳಿಯುವುದು ಬಾಡಿಗೆ ಮಾತ್ರ. ವಿಮಾನದ ಟಿಕೆಟ್ಟು, ವೀಸಾ, ವಿಮೆ, ಒಂದೂರಿಂದ ಇನ್ನೊಂದೂರಿಗೆ ರೈಲು, ಬೆಚ್ಚಗಿನ ಬಟ್ಟೆ, ಎಲ್ಲ ನಮ್ಮದೇ. ಮನೆ ಕಾಯುವವರಿಗೆ ಊಟದ ಖರ್ಚೂ ಅವರವರದೇ. ಷೆಂಗೆನ್ ಒಪ್ಪಂದದ ಯೂರೋಪು ದೇಶಗಳ ವೀಸಾ ಶುಲ್ಕ 2024ರ ಜೂನ್‌ನಲ್ಲಿ 90 ಯೂರೋಗೆ ಏರಿತು. ವೀಸಾ ಕೊಡದಿದ್ದರೂ ಆ ಹಣ ವಾಪಸು ಬರುವುದಿಲ್ಲ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ.

ಇನ್ನು ಎರಡು ಮನೆಗಳ ನಡುವೆ ನಾಲ್ಕು ದಿನ ಖಾಲಿ ಬಿದ್ದರೆ ಲಾಡ್ಜಿನ ದುಡ್ಡು ಕೈಯಿಂದಲೇ ಹೋಗಬೇಕು. ಮನೆಯವರು ಕಡೇ ಗಳಿಗೆಯಲ್ಲಿ "ನಾವು ಹೊರಡುತ್ತಿಲ್ಲ" ಅಂದರೂ ಅಷ್ಟೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಗಾದೆ ಪರದೇಶದಲ್ಲಿ ಇನ್ನೂ ಗಟ್ಟಿ.

ಎಲ್ಲಕ್ಕಿಂತ ಮುಖ್ಯ, ವೀಸಾದ ಮಾತು

ಇಲ್ಲಿ ನಿಧಾನವಾಗಿ ಓದಿ, ಮಕ್ಕಳಿಗೂ ಓದಿಸಿ.

ಷೆಂಗೆನ್ ದೇಶಗಳು ಒಟ್ಟು 29. ಪ್ರವಾಸಿ ವೀಸಾದಲ್ಲಿ ಅವೆಲ್ಲ ಸೇರಿ, ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಆರು ತಿಂಗಳು ಎಂಬ ಲೆಕ್ಕ ಅಲ್ಲಿಗೇ ತಪ್ಪಿತು. ಬ್ರಿಟನ್ ಈ ಗುಂಪಿನಲ್ಲಿಲ್ಲ. ಅದಕ್ಕೆ ಬೇರೆ ವೀಸಾ, ಸಾಮಾನ್ಯವಾಗಿ ಒಂದು ಸಲಕ್ಕೆ 6 ತಿಂಗಳವರೆಗೆ. ಆದರೆ ಅಲ್ಲಿ ಪ್ರವಾಸಿಯಾಗಿ ಹೋದವರು ಸಂಬಳದ ಕೆಲಸವನ್ನೂ ಮಾಡಬಾರದು, ಸಂಬಳವಿಲ್ಲದ ಕೆಲಸವನ್ನೂ ಮಾಡಬಾರದು. ನೋಂದಾಯಿತ ಧರ್ಮಸಂಸ್ಥೆಗೆ ಒಟ್ಟು 30 ದಿನದ ತನಕ ಸೇವೆ ಮಾಡಲು ಮಾತ್ರ ಅವಕಾಶ.

"ದುಡ್ಡು ತಗೊಳ್ಳಲ್ಲವಲ್ಲ, ಅದೆಂಥ ಕೆಲಸ?" ಅಂತ ಮಕ್ಕಳು ವಾದಿಸಬಹುದು. ಅಧಿಕಾರಿಗಳು ಹಾಗೆ ಎಣಿಸುವುದಿಲ್ಲ. 2022ರಲ್ಲಿ ಆಸ್ಟ್ರೇಲಿಯಾದ ಮಹಿಳೆಯೊಬ್ಬರು ಕೆನಡಾದಲ್ಲಿ ಬೆಕ್ಕು ನೋಡಿಕೊಳ್ಳಲು ಹೊರಟು ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ವಿಮಾನ ಬದಲಿಸಬೇಕಿತ್ತು. ವಸತಿಗೆ ಬದಲಾಗಿ ಮನೆ ಕಾಯುವುದೂ ಕೆಲಸವೇ ಎಂದು ಅಲ್ಲಿಂದಲೇ ತಿರುಗಿ ಕಳಿಸಿದರು. 2025ರಲ್ಲಿ ಬ್ರಿಟನ್ನಿನ ಯುವತಿಯೊಬ್ಬಳು ಅಮೆರಿಕದಲ್ಲಿ ಮನೆಗೆಲಸ ಮಾಡಿಕೊಟ್ಟು ಕುಟುಂಬಗಳ ಜತೆ ಇದ್ದಳು. ಮುಂದೆ ಕೆನಡಾಕ್ಕೆ ಹೊರಟಾಗ ಅವರು ಒಳಗೆ ಬಿಡಲಿಲ್ಲ, ಇತ್ತ ಅಮೆರಿಕದವರು 19 ದಿನ ಬಂಧನದಲ್ಲಿಟ್ಟು ಆಮೇಲೆ ಊರಿಗೆ ಕಳಿಸಿದರು. ಬಿಳಿಯರ ದೇಶದ ಪಾಸ್‌ಪೋರ್ಟಿನವರಿಗೇ ಹೀಗಾದರೆ ನಮ್ಮ ಮಕ್ಕಳು ಎಷ್ಟು ಎಚ್ಚರವಾಗಿರಬೇಕು, ಹೇಳಿ.

ಇಲ್ಲಿ ನನಗೆ ನಗುವೂ ಬರುತ್ತದೆ, ಸಿಟ್ಟೂ ಬರುತ್ತದೆ. ಪಾತ್ರೆ ತೊಳೆದು, ಗಿಡಕ್ಕೆ ನೀರು ಹಾಕಿ, ದನ ಕರುವಿಗೆ ಮೇವು ಹಾಕಿ, ಮಕ್ಕಳನ್ನು ಸ್ಕೂಲಿಗೆ ಕಳಿಸಿದ ಮೇಲೂ "ನೀವು ಏನು ಮಾಡ್ಕೊಂಡಿದ್ದೀರಿ?" ಅಂತ ಯಾರಾದರೂ ಕೇಳಿದರೆ, "ಏನಿಲ್ಲ, ಮನೇಲೇ ಇದೀನಿ" ಅನ್ನುತ್ತೇವೆ. ಅದೇ ಪಾತ್ರೆ, ಅದೇ ಗಿಡ, ಅದೇ ಪ್ರಾಣಿ ಪರದೇಶದಲ್ಲಿದ್ದರೆ ಸರ್ಕಾರವೇ ಎದ್ದು ನಿಂತು "ಇದು ಕೆಲಸ, ಇದಕ್ಕೆ ಪರವಾನಗಿ ಬೇಕು" ಅನ್ನುತ್ತದೆ! ಬಿಟ್ಟಿ ಎನ್ನುವ ಮಾತಿಗೆ ನಮ್ಮಲ್ಲಿ ಎರಡು ಅರ್ಥ. ಕಾಸಿಲ್ಲದೆ ಸಿಕ್ಕದ್ದೂ ಬಿಟ್ಟಿ, ಕೂಲಿಯಿಲ್ಲದೆ ದುಡಿಸಿಕೊಂಡದ್ದೂ ಬಿಟ್ಟಿ. ಮಗಳು ಮೊದಲನೆಯದನ್ನು ನೆನೆದು ಹೊರಟು ಎರಡನೆಯದಕ್ಕೆ ಸಿಕ್ಕಿಬೀಳಬಾರದು. ತಾನು ಕೊಡುವುದಕ್ಕೆ ಬೆಲೆಯಿದೆ ಎಂದು ತಿಳಿದ ಹುಡುಗಿ, 5 ಗಂಟೆಯ ಕೆಲಸ 10 ಗಂಟೆಯಾದಾಗ "ಇದು ಒಪ್ಪಂದದಲ್ಲಿ ಇರಲಿಲ್ಲ" ಅಂತ ಹೇಳಿ ಗಂಟು ಕಟ್ಟಿಕೊಂಡು ಹೊರಡುತ್ತಾಳೆ. ಬಿಟ್ಟಿ ಉಣ್ಣುತ್ತಿದ್ದೇನೆ ಎಂದು ತಿಳಿದವಳು ತಲೆ ತಗ್ಗಿಸಿ ದುಡಿಯುತ್ತಾಳೆ.

ನೇರವಾದ ದಾರಿಗಳೂ ಇವೆ

ಜರ್ಮನಿಯಲ್ಲಿ 2011ರಿಂದ ಸರ್ಕಾರದ್ದೇ ಸ್ವಯಂಸೇವೆಯ ಯೋಜನೆಯಿದೆ. ವೃದ್ಧಾಶ್ರಮ, ಶಿಶುವಿಹಾರ, ಆಸ್ಪತ್ರೆಯಂಥ ಕಡೆ ಸಾಮಾನ್ಯವಾಗಿ ಒಂದು ವರ್ಷ ಸೇವೆ, ಕೈಖರ್ಚಿಗೆ ಹಣ. ಹೊರದೇಶದವರೂ ಅದಕ್ಕೆಂದೇ ಇರುವ ವೀಸಾ ಪಡೆದು ಸೇರಬಹುದು, ವಯಸ್ಸಿನ ಮೇಲ್ಮಿತಿ ಇಲ್ಲ. ಜರ್ಮನ್ ಭಾಷೆ ಸ್ವಲ್ಪ ಕಲಿತಿರಬೇಕು. ಬ್ರಿಟನ್ನಿನಲ್ಲಿ ಧರ್ಮಸಂಸ್ಥೆಗಳ ಸೇವೆಗೆ 12 ತಿಂಗಳವರೆಗಿನ ಬೇರೆ ವೀಸಾ ಇದೆ, ಸಂಸ್ಥೆಯೇ ಕರೆಸಿಕೊಳ್ಳಬೇಕು.

ಕೆಲಸದ ತಂಟೆಯೇ ಬೇಡ ಅನ್ನುವವರಿಗೆ ಸರ್ವಾಸ್ ಇದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ, 1949ರಲ್ಲಿ, ದೇಶ ದೇಶಗಳ ಜನ ಒಬ್ಬರನ್ನೊಬ್ಬರು ಅರಿಯಲಿ ಎಂದು ಡೆನ್ಮಾರ್ಕಿನಲ್ಲಿ ಹುಟ್ಟಿದ್ದು. ಭಾರತದಲ್ಲೂ ಅದರ ಶಾಖೆಯಿದೆ. ಮೊದಲು ಸದಸ್ಯರೊಬ್ಬರು ನಮ್ಮನ್ನು ಕಂಡು ಮಾತಾಡಿಸಿ ಒಪ್ಪಿಕೊಳ್ಳಬೇಕು. ಆಮೇಲೆ ಬೇರೆ ದೇಶದ ಸದಸ್ಯರ ಮನೆಯಲ್ಲಿ ಸಾಮಾನ್ಯವಾಗಿ ಎರಡು ರಾತ್ರಿ ಅತಿಥಿಯಾಗಿ ಇರಬಹುದು. ನಮ್ಮ ಮನೆಗೂ ಅವರು ಬರಬಹುದು. ಒಂದು ಉಪ್ಪಿಟ್ಟು, ಒಂದು ಲೋಟ ಕಾಫಿ, ಮನಸು ಬಿಚ್ಚಿ ಮಾತು, ಅದೇ ಮುಯ್ಯಿ.

ಹೊರಡುವ ಮುಂಚೆ ನೆನಪಿರಲಿ

1. ಪಾಸ್‌ಪೋರ್ಟಿಗೆ ಬೆಂಗಳೂರಿಗೇ ಓಡಬೇಕೆಂದಿಲ್ಲ. 2017ರ ಜನವರಿಯಲ್ಲಿ ಮೈಸೂರಿನ ಅಂಚೆ ಕಚೇರಿಯಲ್ಲಿ ಮೊದಲು ತೆರೆದ ಪಾಸ್‌ಪೋರ್ಟ್ ಸೇವಾ ಕೇಂದ್ರ ಈಗ ಅನೇಕ ಊರುಗಳ ಅಂಚೆ ಕಚೇರಿಗಳಲ್ಲಿದೆ.

2. ಮಾಡಲಿರುವುದನ್ನು ವೀಸಾ ಅರ್ಜಿಯಲ್ಲಿ ಇದ್ದದ್ದು ಇದ್ದ ಹಾಗೆ ಬರೆಯಿರಿ. "ಬರೀ ಪ್ರವಾಸ ಅನ್ನು, ಯಾರೂ ಕೇಳಲ್ಲ" ಎನ್ನುವವರ ಮಾತು ಕೇಳಬೇಡಿ. ಸುಳ್ಳು ಸಿಕ್ಕಿಬಿದ್ದರೆ ಮುಂದಿನ ವೀಸಾಗಳಿಗೂ ಕಲ್ಲು ಬೀಳುತ್ತದೆ. ಸಂದೇಹವಿದ್ದರೆ ಆ ದೇಶದ ರಾಯಭಾರ ಕಚೇರಿಗೆ ಬರೆದು ಉತ್ತರ ತರಿಸಿಕೊಳ್ಳಿ.

3. ಮನೆಯವರ ಜತೆ ವಿಡಿಯೋ ಕರೆಯಲ್ಲಿ ಮುಖ ನೋಡಿ ಮಾತಾಡದೆ ಒಪ್ಪಬೇಡಿ. ಹಿಂದೆ ಅಲ್ಲಿದ್ದ ಹೆಂಗಸರು ಬರೆದ ಅಭಿಪ್ರಾಯಗಳನ್ನು ಓದಿ. ಮಲಗುವ ಕೋಣೆ ಬೇರೆಯೇ, ಒಳಗಿನಿಂದ ಚಿಲಕ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ.

4. ಎಷ್ಟು ಗಂಟೆ, ಯಾವ ಕೆಲಸ, ಪಶುವೈದ್ಯರ ಖರ್ಚು ಯಾರದು, ಎಲ್ಲ ಬರಹದಲ್ಲಿರಲಿ.

5. ಪಾಸ್‌ಪೋರ್ಟನ್ನು ಮನೆಯವರ ಕೈಗೆ ಎಂದೂ ಕೊಡಬೇಡಿ. ವಾಪಸು ಬರುವ ಟಿಕೆಟ್ಟು, ಒಂದು ವಾರ ಲಾಡ್ಜಿನಲ್ಲಿ ಇರುವಷ್ಟು ದುಡ್ಡು ಮುಟ್ಟದೆ ಇಟ್ಟಿರಿ.

6. ತುರ್ತಿಗೆ ಯೂರೋಪಿನಲ್ಲಿ 112, ಬ್ರಿಟನ್ನಿನಲ್ಲಿ 999, ಅಮೆರಿಕ ಕೆನಡಾದಲ್ಲಿ 911. ಭಾರತೀಯ ರಾಯಭಾರ ಕಚೇರಿಯ ನಂಬರನ್ನು ಕಾಗದದಲ್ಲೂ ಬರೆದಿಡಿ, ಮೊಬೈಲು ಕೈಕೊಡಬಹುದು.

ಇನ್ನು ಪತ್ರ ಬರೆದವರಿಗೆ ಎರಡು ಮಾತು. ತಾಯಿಯವರೆ, ನೀವು ಯಾರ ಕಡೆಯೂ ನಿಲ್ಲಬೇಡಿ. ಮಗಳ ಕೈಗೆ ಒಂದು ನೋಟ್‌ಬುಕ್ ಕೊಟ್ಟು ವೀಸಾದ ನಿಯಮ, ಖರ್ಚಿನ ಲೆಕ್ಕ, ವಾಪಸು ಬರುವ ದಿನ ಬರೆಯಲು ಹೇಳಿ. ಅದನ್ನು ಯಜಮಾನರ ಎದುರು ಅವಳೇ ಓದಲಿ. ಲೆಕ್ಕ ನಿಂತರೆ ಅವರಿಗೂ ಬೇಡ ಅನ್ನಲು ಕಾರಣ ಸಿಗದು, ಲೆಕ್ಕ ಬೀಳುವುದಾದರೆ ಅವಳಿಗೇ ತಿಳಿಯುತ್ತದೆ. ಮೊದಲು ಒಂದು ತಿಂಗಳು ನಮ್ಮ ದೇಶದಲ್ಲೇ ಪರೀಕ್ಷೆ ನೋಡಲಿ. ಆರೋವಿಲ್ ಹತ್ತಿರ 2003ರಲ್ಲಿ ಶುರುವಾದ ಸಾಧನಾ ಫಾರೆಸ್ಟ್‌ನಲ್ಲಿ ಸ್ವಯಂಸೇವಕರು ಇದ್ದು ಕಾಡು ಬೆಳೆಸುತ್ತಾರೆ. ವೂಫ್‌ನ ತೋಟಗಳು ಭಾರತದಲ್ಲೂ ಇವೆ. ಬೆಳಿಗ್ಗೆ ಎದ್ದು ಮಣ್ಣು ಹೊರುವುದು ಅವಳಿಗೆ ಹಿಡಿಸುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.

ಶಿಕ್ಷಕಿಯವರೆ, ನಿಮ್ಮ ವಯಸ್ಸು ಅಡ್ಡಿಯಲ್ಲ. ಆ ದೇಶಗಳಲ್ಲಿ ಹೀಗೆ ಮನೆ ಕಾಯುವವರಲ್ಲಿ ನಿವೃತ್ತರು ಎಷ್ಟೋ ಜನ. ಹೊತ್ತಿಗೆ ಸರಿಯಾಗಿ ಏಳುವವರು, ಬಾಗಿಲು ಹಾಕಿದೆಯೇ ಎಂದು ಎರಡು ಸಲ ನೋಡುವವರು ಬೇಕೆಂದೇ ಮನೆಯವರು ಹುಡುಕುತ್ತಾರೆ. ಮೊದಲು ನಿಮ್ಮ ಬೀದಿಯಲ್ಲೇ ಯಾರದಾದರೂ ನಾಯಿಯನ್ನು ಒಂದು ವಾರ ಇಟ್ಟುಕೊಂಡು ನೋಡಿ. ಮಂಡಿನೋವು ಒಪ್ಪಿದರೆ, ರಾಯಭಾರ ಕಚೇರಿಯ ಉತ್ತರವೂ ಸರಿಯಾಗಿ ಬಂದರೆ, ಬೆಕ್ಕಿನ ಮನೆಯೊಂದನ್ನು ಹುಡುಕಿಕೊಳ್ಳಿ. ಉತ್ತರ ಬೇಡವೆಂದು ಬಂದರೆ ಸರ್ವಾಸ್ ಇದ್ದೇ ಇದೆ.

ಹೋಗಿ ಬಂದವರು ಯಾರಾದರೂ ಇದ್ದರೆ ಅನುಭವ ಬರೆದು ಕಳಿಸಿ, ಉಳಿದವರಿಗೆ ದಾರಿಯಾದೀತು. ಮುಂದಿನ ಸಂಚಿಕೆಯಲ್ಲಿ ಹಪ್ಪಳ ಸಂಡಿಗೆ ವರ್ಷಪೂರ್ತಿ ಕೆಡದ ಹಾಗೆ ಇಡುವ ಬಗೆ ನೋಡೋಣ.